ಸಕ್ಕರೆ ನಾಡಲ್ಲಿ ಸಕ್ಕರೆ ಇಲ್ಲದ ಬಿಸ್ಕತ್ತು: ಡಿಸೆಂಬರಿಂದ ಸಂಕ್ರಾಂತಿವರೆಗೆ ಬರ್ದಿಟ್ಟಿದ್ದು

ನವೆಂಬರ್ ಕೊನೇಲಿ ಅಪ್ಪಂದು ಮೂರು ತಿಂಗಳ ಸರಾಸರಿ ಶುಗರ್ ರಿಪೋರ್ಟ್ (HbA1c) ಬಂತು, 8.4 ಪರ್ಸೆಂಟ್. ಡಾಕ್ಟ್ರು ಅನ್ನ ಕಮ್ಮಿ ಮಾಡಿ, ಸಿಹಿ ಬಿಡಿ ಅಂದ್ರು. ಅನ್ನ ಕಮ್ಮಿ ಮಾಡಿದ್ರು, ಮುದ್ದೆನೂ ಒಂದೂವರೆಯಿಂದ ಒಂದಕ್ಕೆ ಇಳೀತು, ಆದ್ರೆ ಸಾಯಂಕಾಲ ನಾಕೂವರೆ ಆಯ್ತು ಅಂದ್ರೆ ಬೇಕರಿ ಬೆಣ್ಣೆ ಬಿಸ್ಕತ್ತು ಬೇಕೇ ಬೇಕು, ಅದೊಂದು ಬಿಡಕ್ಕಾಗಲ್ಲ ಅಂತ ಹಠ. 40 ವರ್ಷ ಕಬ್ಬು ಬೆಳ್ದು ಮಂಡ್ಯದ ಮೈಷುಗರ್ ಸಕ್ಕರೆ ಫ್ಯಾಕ್ಟರಿಗೆ ಗಾಡಿ ಹೊಡ್ದಿರೋ ಮನುಷ್ಯ, ಅವ್ರ ಅಪ್ಪ ಅಂದ್ರೆ ನಮ್ಮ ತಾತ 1933ರಲ್ಲಿ ಆ ಫ್ಯಾಕ್ಟರಿ ಶುರುವಾದಾಗಿನ ಕತೆ ಹೇಳ್ತಿದ್ದೋರು, ಇಂಥ ಮನೇಲಿ ಸಕ್ಕರೆ ಬಿಡಿ ಅಂತ ಯಾವ ಬಾಯಲ್ಲಿ ಹೇಳೋದು. ಸರಿ, ನಾನೇ ಮನೇಲಿ ಮಾಡ್ಕೊಡ್ತೀನಿ ಅಂದೆ. ಕ್ರಿಸ್‌ಮಸ್ ರಜೆಗೆ ಅಕ್ಕನ ಮಕ್ಕಳೂ ಬರ್ತಾರೆ, ಅಮೇಲೆ ಸಂಕ್ರಾಂತಿ, ಅಲ್ಲಿವರೆಗೆ ಮನೆ ತುಂಬ ಸಿಹಿನೇ ಇರುತ್ತೆ, ಅಷ್ಟರಲ್ಲಿ ಅಪ್ಪಂಗೆ ಅಂತ ಒಂದು ಡಬ್ಬಿ ತುಂಬ್ಬೇಕು. ಹೆಂಡ್ತಿ ನಕ್ಳು. ಲಾಕ್‌ಡೌನ್‌ನಲ್ಲಿ ಕೇಕ್ ಮಾಡೋ ಹುಚ್ಚು ಹಿಡ್ದಾಗ ತಗೊಂಡಿದ್ದ ಓಟಿಜಿ, ಅದೇ ಚಿಕ್ಕ ಕರೆಂಟ್ ಓವನ್, ಅಟ್ಟದ ಮೇಲೆ ಧೂಳು ಹೊಡ್ಕೊಂಡು ಕೂತಿತ್ತು, ಇಳಿಸ್ದೆ.

ಡಿಸೆಂಬರ್ 6, ಶನಿವಾರ. ಬ್ಯಾಚ್ 1

ಬಾದಾಮಿ ಹಿಟ್ಟು 150 ಗ್ರಾಂ, ಮನೆ ಬೆಣ್ಣೆ 70, ಸಕ್ಕರೆ ಬದ್ಲು ಹಾಕೋ ಎರಿಥ್ರಿಟಾಲ್ ಅನ್ನೋ ಬಿಳಿ ಹರಳು 80, ಏಲಕ್ಕಿ, ಚಿಟಿಕೆ ಉಪ್ಪು. ಶನಿವಾರ ಅಂತ ಅವ್ವ ಮೊಟ್ಟೆ ಮುಟ್ಟಕ್ಕೆ ಬಿಡ್ಲಿಲ್ಲ. 180 ಡಿಗ್ರಿ, 15 ನಿಮಿಷ ಇಟ್ಟೆ, ಹನ್ನೆರಡು ಬಿಸ್ಕತ್ತು ಇಟ್ಟಿದ್ದೆ, ತೆಗ್ದಾಗ ಒಂದೇ ಇತ್ತು. ಟ್ರೇ ಪೂರ್ತಿ ಹರ್ಡ್ಕೊಂಡು ದೋಸೆ ಥರ. ಅಂಚೆಲ್ಲ ಸೀದಿತ್ತು, ನಡುವೆ ಬೆಳ್ಳಗೆ ಹಸಿ ಹಸಿ.

ಅಪ್ಪ ಒಂದು ತುಂಡು ಎತ್ತಿ ನೋಡಿದ್ರು, ಕೈಯಲ್ಲೇ ಪುಡಿ ಆಯ್ತು. "ಏನ್ಲಾ ಇದು, ಇಬ್ಬತ್ತಿ ಇದ್ದಂಗದೆ."

ರಾತ್ರಿ ಕೂತು ಯೋಚ್ನೆ ಮಾಡ್ದೆ. ಒಂದು, ಮನೆ ಬೆಣ್ಣೇಲಿ ಮಜ್ಜಿಗೆ ನೀರು ಜಾಸ್ತಿ, ಅಂಗಡಿ ಬೆಣ್ಣೇಲೂ ಒಂಚೂರು ನೀರಿರುತ್ತೆ ಆದ್ರೆ ಇಷ್ಟಲ್ಲ. ಎರಡು, ಬಾದಾಮೀಲಿ ಮೈದಾ ಥರ ಜಿಗುಟಿಲ್ಲ, ಹಿಡ್ಕೊಳಕ್ಕೆ ಏನೂ ಇಲ್ಲ, ಎಣ್ಣೆ ಬಿಡುತ್ತೆ ಅಷ್ಟೇ, ಜೊತೆಗೆ ಬೇಗ ಸೀಯುತ್ತೆ, ಅದಕ್ಕೆ 180 ಜಾಸ್ತಿ. ಮೂರನೇದು ನಂಗೆ ಗೊತ್ತೇ ಇರ್ಲಿಲ್ಲ: ಬಿಸ್ಕತ್ತಲ್ಲಿ ಸಕ್ಕರೆ ಇರೋದು ಬರೀ ಸಿಹಿಗಲ್ಲ. ಅದು ಕರಗಿ ತಣ್ಣಗಾದ್ಮೇಲೆ ಗಟ್ಟಿ ಆಗುತ್ತಲ್ಲ, ಆ ಕುರುಕುಲು ಅದ್ರದ್ದು, ಆ ಕೆಂಪು ಬಣ್ಣದಲ್ಲೂ ಅದ್ರ ಪಾಲಿದೆ. ಈ ಎರಿಥ್ರಿಟಾಲ್ ಸಕ್ಕರೆ ಥರ ಪಾಕ ಕೆಂಪಾಗಲ್ಲ. ಅಂದ್ರೆ ಸಿಹಿ ತೆಗ್ದಿದ್ದಲ್ಲ ನಾನು, ಮನೆ ಕಂಬ ತೆಗ್ದಿದ್ದೆ.

ಡಿಸೆಂಬರ್ 7, ಭಾನುವಾರ

ಬ್ಯಾಚ್ ಇಲ್ಲ, ಬರೀ ಜಗಳ. ಚಿಕ್ಕಪ್ಪ ಬಂದಿದ್ರು, "ಅದ್ಯಾಕ್ಲಾ ಬಾದಾಮಿಗೆ ದುಡ್ ಸುರೀತೀಯ, ರಾಗಿ ಹಿಟ್ಟು ಹಾಕು, ಬೆಲ್ಲ ಹಾಕು, ಶುಗರ್‌ಗೆ ಏನೂ ಆಗಲ್ಲ" ಅಂದ್ರು. ನಮ್ಮ ಕಡೆ ಈ ಮಾತು ಎಷ್ಟು ಗಟ್ಟಿ ಅಂದ್ರೆ ವಾದ ಮಾಡಕ್ಕೇ ಭಯ ಆಗುತ್ತೆ. ರಾಗಿ ಒಳ್ಳೇದು, ನಾರು ಇದೆ, ಕ್ಯಾಲ್ಸಿಯಂ ಇದೆ, ನಾನೂ ದಿನಾ ಉಣ್ತೀನಿ, ಆದ್ರೆ 100 ಗ್ರಾಂ ರಾಗಿ ಹಿಟ್ಟಲ್ಲಿ 70 ಗ್ರಾಂ ಹತ್ರ ಕಾರ್ಬೇ, ಅಂದ್ರೆ ಹೊಟ್ಟೇಲಿ ಸಕ್ಕರೆ ಆಗೋ ಕಾರ್ಬೋಹೈಡ್ರೇಟು. ಬೆಲ್ಲದ ಕತೆ ಇನ್ನೂ ಸುಲಭ, ಅದೂ ಕಬ್ಬಿನ ಹಾಲೇ, ಆಲೆಮನೆ ಕೊಪ್ಪರಿಗೇಲಿ ಕುದ್ದಿರೋದು, ಬಣ್ಣ ಕಂದು ಅಂತ ರಕ್ತಕ್ಕೆ ಗೊತ್ತಾಗಲ್ಲ. ಇದನ್ನ ಆಲೆಮನೆ ಇಟ್ಟಿದ್ದ ಚಿಕ್ಕಪ್ಪಂಗೆ ಹೇಳಿದ್ದಕ್ಕೆ ಅವ್ರು ಟೀ ಕುಡೀದೆ ಎದ್ದೋದ್ರು. ಅವ್ವ ನಂಗೆ ಬೈದ್ಳು.

ಡಿಸೆಂಬರ್ 14. ಬ್ಯಾಚ್ 2 ಮತ್ತೆ 3

ಎರಡನೇದು ತೆಂಗಿನ ಹಿಟ್ಟಲ್ಲಿ ಮಾಡ್ದೆ, ಬಾದಾಮಿ ಎಷ್ಟಿತ್ತೋ ಅಷ್ಟೇ ತೂಕ ಹಾಕ್ದೆ, ಅದೇ ತಪ್ಪು. ಆ ಹಿಟ್ಟು ನೀರು ಕುಡಿಯೋದು ನೋಡ್ಬೇಕು, ಬೇಸಿಗೇಲಿ ಒಣಗಿದ ಗದ್ದೆ ಥರ, ಬೆಣ್ಣೆ ಹಾಕ್ದಷ್ಟೂ ಹೀರ್ಕೊಂಡು ಮರಳು ಮರಳಾಗೇ ಇತ್ತು. ಇದ್ರ ಬಗ್ಗೆ ಇಷ್ಟು ಸಾಕು.

ಮೂರನೇದಕ್ಕೆ ಮತ್ತೆ ಬಾದಾಮಿ ಹಿಟ್ಟೇ, ಬೆಣ್ಣೆ ಕಾಯಿಸಿ ತುಪ್ಪ ಮಾಡಿ ಹಾಕ್ದೆ, ತುಪ್ಪದಲ್ಲಿ ನೀರಿಲ್ವಲ್ಲ. ಒಂದು ಮೊಟ್ಟೆ. ಎರಿಥ್ರಿಟಾಲ್‌ನ ಮಿಕ್ಸೀಲಿ ನುಣ್ಣಗೆ ಪುಡಿ ಮಾಡ್ಕೊಂಡೆ, ಯಾಕಂದ್ರೆ ಹರಳು ಹಂಗೇ ಹಾಕಿದ್ರೆ ತಣ್ಣಗಾದ್ಮೇಲೆ ಮತ್ತೆ ಹರಳು ಕಟ್ಕೊಂಡು ಹಲ್ಲಿಗೆ ಕರಕರ ಅನ್ಸುತ್ತೆ. ಮಿಕ್ಸಿ ಮುಚ್ಚಳ ತಕ್ಷಣ ತೆಗೀಬೇಡಿ, ಆ ಧೂಳು ಮೂಗಿಗೆ ಹೋಗಿ ನಾನು ಹತ್ತು ನಿಮಿಷ ಸೀನಿದ್ದೀನಿ. 160 ಡಿಗ್ರಿಗೆ ಇಳಿಸ್ದೆ. ಈ ಸಲ ಬಿಸ್ಕತ್ತು ಬಿಸ್ಕತ್ತಿನ ಥರಾನೇ ಬಂತು! ಬಿಸಿ ಇದ್ದಾಗ ಮೆತ್ತಗಿತ್ತು, ಕೆಟ್ಟೋಯ್ತು ಅನ್ಕೊಂಡು ಇನ್ನೇನು ಮತ್ತೆ ಒಳಗಿಡ್ಬೇಕು ಅನ್ನೋಷ್ಟರಲ್ಲಿ ಕರೆಂಟ್ ಹೋಯ್ತು, ಟ್ರೇ ಹಂಗೇ ಬಿಟ್ಟಿದ್ದೆ, ಅರ್ಧ ಗಂಟೆಗೆ ತಾನಾಗೇ ಗಟ್ಟಿ ಆಗಿತ್ತು. ಇನ್ಮೇಲೆ ಇದೇ ನಿಯಮ, ಅರ್ಧ ಗಂಟೆ ಮುಟ್ಟಂಗಿಲ್ಲ.

ಅಪ್ಪ ತಿಂದ್ರು. ಅಗೀತಾ ಅಗೀತಾ ಹುಬ್ಬು ಮೇಲಕ್ಕೋಯ್ತು. "ಬಾಯೊಳ್ಗೆ ತಣ್ಗಾಯ್ತದಲ್ಲೋ, ಪೆಪ್ಪರ್‌ಮೆಂಟ್ ಇಕ್ಕಿದ್ದೀಯಾ?"

ಅದೂ ಆ ಎರಿಥ್ರಿಟಾಲ್ ಪುಡಿ ಗುಣಾನೇ. ನಾಲ್ಗೆ ಮೇಲೆ ಕರಗೋವಾಗ ಶಾಖ ಎಳ್ಕೊಳ್ಳುತ್ತೆ, ಅದಕ್ಕೆ ತಣ್ಣಗೆ. ಸಿಹಿ ಸಕ್ಕರೇಲಿ ಮುಕ್ಕಾಲು ಭಾಗಕ್ಕೂ ಒಂಚೂರು ಕಮ್ಮಿ, ಆ ಕಮ್ಮಿ ತುಂಬ್ಸಕ್ಕೆ ಜಾಸ್ತಿ ಹಾಕಿದ್ರೆ ತಂಪೂ ಜಾಸ್ತಿ, ಜೊತೆಗೆ ತುಂಬ ತಿಂದ್ರೆ ಹೊಟ್ಟೆ ಗುಡುಗುಡು. ಸ್ಟೀವಿಯಾ ಅನ್ನೋ ಸಿಹಿ ಎಲೆ ಪುಡಿ ಒಂಚೂರು ಸೇರ್ಸಿ ನೋಡ್ದೆ, ಕೊನೇಲಿ ಕಹಿ ಉಳೀತು. ಕ್ಸೈಲಿಟಾಲ್ ಅಂತ ಇನ್ನೊಂದಿದೆ, ಅದು ಮನೆಗೇ ತರಲ್ಲ, ನಾಯಿಗೆ ಅದು ವಿಷ, ನಮ್ಮ ಕರಿಯ ನೆಲಕ್ಕೆ ಬಿದ್ದಿದ್ದೆಲ್ಲ ನುಂಗೋನು.

ಡಿಸೆಂಬರ್ 21. ಬ್ಯಾಚ್ 4

ಅಕ್ಕನ ಮಕ್ಕಳು ಬರ್ತಾರೆ ಅಂತ ಶುಗರ್ ಫ್ರೀ ಅಂತ ಬರ್ದಿದ್ದ ಚಾಕ್ಲೇಟ್ ತಂದು ಚೂರು ಮಾಡಿ ಹಾಕ್ದೆ. ನೋಡಕ್ಕೆ ಇದೇ ಚೆಂದ, ಫೋಟೋ ತೆಗ್ದೆ. ಅಪ್ಪ ಟೀ ಜೊತೆ ಮೂರು ತಿಂದ್ರು. ಬಿಸ್ಕತ್ತು ಒಪ್ಪಿದ್ಮೇಲೆ ಶುಗರ್ ನೋಡೋ ಮೀಟರ್ ಹಿಡಿಯೋದು ಅಂತ ಮೊದ್ಲೇ ಮಾತಾಗಿತ್ತು, ತಿನ್ನೋ ಮೊದ್ಲು 146, ಎರಡು ಗಂಟೆ ಬಿಟ್ಟು 214.

ನಂಗೆ ಎದೆ ಧಸಕ್ ಅಂತು. ಚಾಕ್ಲೇಟ್ ಕವರ್ ಹಿಂದೆ ಅಕ್ಷರ ಇರುವೆ ಸಾಲಿನಂಗೆ ಇತ್ತು, ಮೊಬೈಲಲ್ಲಿ ಫೋಟೋ ತೆಗ್ದು ದೊಡ್ದು ಮಾಡಿ ಓದಿದ್ರೆ ಮಾಲ್ಟಿಟಾಲ್. ಇದೂ ಸಕ್ಕರೆ ಅಲ್ಲ, ಹಾಗಾಗಿ ಶುಗರ್ ಫ್ರೀ ಅಂತ ಬರೀಬಹುದು, ಆದ್ರೆ ಎರಿಥ್ರಿಟಾಲ್ ಥರ ಅಲ್ಲ, ಸಕ್ಕರೆಯಷ್ಟಲ್ದಿದ್ರೂ ರಕ್ತದಲ್ಲಿ ಶುಗರ್ ಏರ್ಸುತ್ತೆ. ಸಿಕ್ತಲ್ಲ ಕಳ್ಳ ಅಂತ ಉಳ್ದಿದ್ದನ್ನ ಹೆಂಡ್ತೀಗೆ ಕೊಟ್ಟೆ. ಅವತ್ತಿಂದ ಕವರ್ ಮುಂಭಾಗ ಓದೋದೇ ಬಿಟ್ಟಿದ್ದೀನಿ, ಹಿಂಭಾಗ ಮಾತ್ರ. ಸ್ಟೀವಿಯಾ ಅಂತ ದೊಡ್ಡಕ್ಷರದಲ್ಲಿರೋ ಕೆಲವು ಪುಡಿಗಳಲ್ಲೂ ತೂಕಕ್ಕೆ ಡೆಕ್ಸ್‌ಟ್ರೋಸ್ ಸೇರ್ಸಿರ್ತಾರೆ, ಡೆಕ್ಸ್‌ಟ್ರೋಸ್ ಅಂದ್ರೆ ಗ್ಲೂಕೋಸೇ.

ಡಿಸೆಂಬರ್ 25, ಮೈಸೂರು

ಅಕ್ಕನ ಮನೆಗೆ ಹೋಗಿದ್ವಿ. ಸಾಯಂಕಾಲ ಮಕ್ಕಳನ್ನ ಕರ್ಕೊಂಡು ಸಂತ ಫಿಲೋಮಿನಾ ಚರ್ಚಿಗೆ ಗೋದಲಿ ನೋಡಕ್ಕೆ ಹೋದ್ವಿ, ಅಶೋಕ ರಸ್ತೇಲಿ ಕಾಲಿಡಕ್ಕೆ ಜಾಗ ಇರ್ಲಿಲ್ಲ. ಅಕ್ಕನ ಪಕ್ಕದ್ಮನೆ ಆಂಟಿ ಮಂಗಳೂರು ಕಡೆಯೋರು, ಕುಸ್ವಾರ್, ಅಂದ್ರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆ ಕಳ್ಸಿದ್ರು, ಅದ್ರಲ್ಲಿ ಕೊಕ್ಕಿಸಾಂ ಅನ್ನೋ ಕರಿದ ಹೂವಿನ ತಿಂಡಿ ಒಂದೊಂದೂ ಗಾಜಿನಂಗೆ. ನಾನು ನನ್ನ ಪುಡಿಪುಡಿ ಬಿಸ್ಕತ್ತು ನಾಚ್ಕೊಂಡೇ ತೋರ್ಸಿದೆ. ಆಂಟಿ ಮುರಿದು ನೋಡಿ ಒಂದೇ ಮಾತು, "ಹಿಟ್ಟು ಕಲಸಿದ ಕೂಡಲೇ ಇಟ್ಟಿದ್ದಾ? ರಾತ್ರಿಯಿಡೀ ಫ್ರಿಜ್ಜಲ್ಲಿ ಇಡಿ ಮಾರಾಯ್ರೇ, ಅದಕ್ಕೂ ಸ್ವಲ್ಪ ನಿದ್ದೆ ಬೇಡವಾ." ಮೂರು ವಾರ ಹುಡುಕಿದ್ರೂ ಇದು ಹೊಳ್ದಿರ್ಲಿಲ್ಲ. ಹಿಟ್ಟು ತೇವ ಹೀರ್ಕೊಂಡು ಒಂದಕ್ಕೊಂದು ಅಂಟ್ಕೊಳ್ಳುತ್ತೆ, ತುಪ್ಪ ಗಟ್ಟಿ ಆಗಿರುತ್ತೆ, ಓವನ್ನಲ್ಲಿ ಹರಡಲ್ಲ.

ಡಿಸೆಂಬರ್ 28. ಬ್ಯಾಚ್ 5

ರಾತ್ರಿ ಇಟ್ಟ ಹಿಟ್ಟು, ಚಾಕ್ಲೇಟ್ ಇಲ್ಲ. ಬಿಸ್ಕತ್ತು ಸೂಪರ್. ಎರಡು ಗಂಟೆ ಬಿಟ್ಟು ರೀಡಿಂಗ್ 209, ತಿನ್ನೋ ಮೊದ್ಲಿಗಿಂತ 60 ಜಾಸ್ತಿ!

ಇಲ್ಲಿ ನಂಗೆ ನಿಜವಾಗ್ಲೂ ತಲೆ ಕೆಡ್ತು. ಒಂದೊಂದು ಪದಾರ್ಥ ಪೇಪರಲ್ಲಿ ಬರ್ದು ಲೆಕ್ಕ ಹಾಕಿದ್ರೆ ಮೂರು ಬಿಸ್ಕತ್ತಿಗೆ ನಾಕೈದು ಗ್ರಾಂ ಕಾರ್ಬ್ ದಾಟಲ್ಲ, ಅದಕ್ಕೆ 60 ಪಾಯಿಂಟ್ ಹೆಂಗೆ ಏರುತ್ತೆ. ಮೀಟರ್ ಸ್ಟ್ರಿಪ್ ಹಳೇದಾ ನೋಡ್ದೆ, ಇಲ್ಲ. ನನ್ನ ಬೆರಳು ಚುಚ್ಚಿ ನೋಡ್ದೆ, ಸರಿ ಇದೆ. ಸೋಮವಾರ ಸಾಯಂಕಾಲ ಆಫೀಸಿಂದ ಬೇಗ ಬಂದೋನು ನಮ್ಮ ಬೀದಿ ಕೊನೆ ಟೀ ಅಂಗಡಿ ಮುಂದೆ ಗಾಡಿ ನಿಲ್ಲಿಸ್ತೀನಿ, ಅಪ್ಪ ಬೆಂಚ್ ಮೇಲೆ ಕೂತಿದ್ದಾರೆ, ಒಂದು ಕೈಲಿ ನನ್ನ ಬಿಸ್ಕತ್ತು, ಇನ್ನೊಂದ್ರಲ್ಲಿ ಟೀ, ಅದ್ದಿ ಅದ್ದಿ ತಿಂತಿದ್ದಾರೆ. ಆ ಟೀ ಹೆಂಗಿರುತ್ತೆ ಗೊತ್ತಲ್ಲ, ಚಮಚ ನಿಂತ್ಕೊಳ್ಳುತ್ತೆ ಸಕ್ಕರೇಲಿ. ದಿನಾ ಎರಡು ಲೋಟ ಅಂತೆ.

"ಬಿಸ್ಕತ್ತಲ್ಲಿ ಸಕ್ಕರೆ ಇಲ್ವಲ್ಲ ಮಗ, ಅದ್ಕೇ ಟೀಲಿ ವಸಿ ಸರಿ ಮಾಡ್ಕತೀನಿ" ಅಂದ್ರು, ಮುಖದಲ್ಲಿ ಒಂಚೂರೂ ಅಳುಕಿಲ್ಲ. ಪಾಪ ಮಾಲ್ಟಿಟಾಲ್‌ಗೆ ಪೂರ್ತಿ ಅಪವಾದ ಹೊರ್ಸಿದ್ದೆ.

ಜನವರಿ 4. ಬ್ಯಾಚ್ 6

ಟೀ ಈಗ ಮನೇಲೇ, ಸಕ್ಕರೆ ಇಲ್ದೆ, ಶುಂಠಿ ಜಜ್ಜಿ. ಆದ್ರೆ ಟೀ ಸಪ್ಪೆ ಆದ್ಮೇಲೆ ಬಿಸ್ಕತ್ತೂ ಸಪ್ಪೆ ಅಂತ ಹೊಸ ತಕರಾರು. ನಾನು ಮಾಡಿದ್ದು ಎಷ್ಟೇ ಚೆನ್ನಾಗಿದ್ರೂ ಅದು ಬೇಕರಿ ಬೆಣ್ಣೆ ಬಿಸ್ಕತ್ತಿನ ಬಡ ನೆಂಟನೇ.

ಶನಿವಾರ ಮಧ್ಯಾಹ್ನ ಅವ್ವ ಸಂಕ್ರಾಂತಿ ಎಳ್ಳಿಗೆ ಅಂತ ಕೊಬ್ಬರಿ ಕರಿ ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ ಮಹಡಿ ಮೇಲೆ ಬಿಸಿಲಿಗೆ ಹಾಕ್ತಿದ್ಳು, ಪಕ್ಕದಲ್ಲಿ ಹುರಿದ ಕಡ್ಲೆಬೀಜದ ಸಿಪ್ಪೆ ಊದ್ತಾ ಹೆಂಡ್ತಿ, ಇನ್ನೊಂದು ಮೊರದಲ್ಲಿ ಎಳ್ಳು. ನಿಂತು ನೋಡ್ದೆ. ಎಳ್ಳು ಬೆಲ್ಲದಿಂದ ಬೆಲ್ಲ ತೆಗಿ, ಹುರಿಗಡ್ಲೆ ತೆಗಿ, ಉಳ್ಯೋದು ಎಲ್ಲಾ ಕಾರ್ಬ್ ಕಮ್ಮಿ ಇರೋವೇ! ಒಂದು ತಿಂಗಳಿಂದ ಕಾಲು ಕೆಜಿ ಬಾದಾಮಿ ಹಿಟ್ಟಿನ ಪ್ಯಾಕೆಟ್ಟಿಗೆ ದುಡ್ಡು ಸುರೀತಿದ್ದೀನಿ, ಸಾಮಾನು ನಮ್ಮ ಮಹಡಿ ಮೇಲೇ ಒಣಗ್ತಿತ್ತು.

ಲೆಕ್ಕ ಇದು, 20 ಬಿಸ್ಕತ್ತಿಗೆ. ಹುರಿದು ಸಿಪ್ಪೆ ತೆಗ್ದ ಕಡ್ಲೆಬೀಜ 100 ಗ್ರಾಂ, ಪೂರ್ತಿ ತಣ್ಣಗಾದ್ಮೇಲೆ ಮಿಕ್ಸೀನ ತಿರುಗ್ಸಿ ನಿಲ್ಸಿ ತಿರುಗ್ಸಿ ನಿಲ್ಸಿ ತರಿಯಾಗಿ ಪುಡಿ ಮಾಡಿ, ಒಂದೇ ಸಮ ಓಡ್ಸಿದ್ರೆ ಎಣ್ಣೆ ಬಿಟ್ಟು ಉಂಡೆ ಆಗುತ್ತೆ. ಬಿಳಿ ಎಳ್ಳು 50, ಚಟಪಟ ಅನ್ನೋವರೆಗೆ ಹುರಿದು ಅರ್ಧ ಪುಡಿ, ಅರ್ಧ ಹಂಗೇ. ತುರಿದ ಕೊಬ್ಬರಿ 50, ಬಾದಾಮಿ ಹಿಟ್ಟು 50, ತುಪ್ಪ 60, ಪುಡಿ ಮಾಡಿದ ಎರಿಥ್ರಿಟಾಲ್ 60, ಉಪ್ಪು, ಏಲಕ್ಕಿ, ಒಂದು ಮೊಟ್ಟೆ. ಮೊಟ್ಟೆ ಬೇಡ ಅನ್ನೋ ದಿನ ಅಗಸೆ ಬೀಜದ ಪುಡಿ ಒಂದು ದೊಡ್ಡ ಚಮಚ ಮೂರು ಚಮಚ ನೀರಲ್ಲಿ ನೆನೆಸಿದ್ರೆ ಲೋಳೆ ಲೋಳೆ ಆಗುತ್ತೆ, ಅದನ್ನ ಹಾಕಿ. ಇನ್ನೊಂದು, ಒಣಶುಂಠಿ ಪುಡಿ ಅರ್ಧ ಚಮಚ, ಕಾಳುಮೆಣಸು ಎರಡು ಚಿಟಿಕೆ. ಆ ಪೆಪ್ಪರ್‌ಮೆಂಟ್ ತಂಪಿಗೆ ಎದ್ರು ಖಾರ ನಿಲ್ಸಿದ್ರೆ ತಂಪು ಗೊತ್ತೇ ಆಗಲ್ಲ, ಇದು ಮಾತ್ರ ನನ್ನ ಸ್ವಂತ ಬುದ್ಧಿ, ಹೇಳ್ಕೊಳ್ತೀನಿ. ರಾತ್ರಿ ಫ್ರಿಜ್ಜು, ಬೆಳಿಗ್ಗೆ ಬಟರ್ ಪೇಪರ್ ಮೇಲೆ ತಟ್ಟಿ 155 ಡಿಗ್ರಿ 16 ನಿಮಿಷ.

ನಾರು ಕಳೆದು ಒಂದಕ್ಕೆ ಒಂದೂ ಕಾಲು ಗ್ರಾಂ ಹತ್ರ ಕಾರ್ಬ್ ಬರುತ್ತೆ, ಅದೇ 20 ಗ್ರಾಂ ತೂಕದ ಮೈದಾ ಸಕ್ಕರೆ ಬಿಸ್ಕತ್ತಾದ್ರೆ ಹನ್ನೆರಡು ಗ್ರಾಂ ಇರುತ್ತೆ. ಹಂಗಂತ ಬಕಬಕ ತಿನ್ನಂಗಿಲ್ಲ, ಎಲ್ಲಾ ಎಣ್ಣೆ ಕಾಳೇ, ಒಂದಕ್ಕೆ 100 ಕ್ಯಾಲರಿ ಮೇಲಿದೆ.

ಓವನ್ ತೆಗ್ದಾಗ ಮನೆ ತುಂಬ ಹಬ್ಬದ ವಾಸನೆ. ಎಳ್ಳು ಕೊಬ್ಬರಿ ತಾವಾಗೇ ಕೆಂಪಗೆ ಹುರ್ಕೊಂಡಿದ್ವು, ಬಣ್ಣಕ್ಕೆ ಸಕ್ಕರೆ ಬೇಕಾಗೇ ಇರ್ಲಿಲ್ಲ. ಅಪ್ಪ ಸಪ್ಪೆ ಟೀ ಜೊತೆ ಎರಡು ತಿಂದು ಮಾತಾಡ್ದೆ ಮೂರನೇದಕ್ಕೆ ಕೈ ಚಾಚಿದ್ರು. ಮೊದ್ಲು 141, ಎರಡು ಗಂಟೆ ಆದ್ಮೇಲೆ 157.

ಜನವರಿ 11. ಬ್ಯಾಚ್ 7, 8

ಹಬ್ಬಕ್ಕೆ ಇನ್ನು ನಾಕು ದಿನ. ಒಂದೇ ದಿನ 40 ಮಾಡ್ದೆ, ಮೊಟ್ಟೆ ಇಲ್ದೆ, ಅಗಸೆ ಹಾಕಿ, ಯಾಕಂದ್ರೆ ಎಳ್ಳು ಬೀರಕ್ಕೆ ಹೋಗೋವಾಗ ಶುಗರ್ ಇರೋರ ಮನೆಗೆ ಇದನ್ನೂ ನಾಕು ನಾಕು ಕೊಡೋಣ ಅಂತ ಅವ್ವನೇ ಹೇಳಿದ್ಳು. ಮಗಳು ಸಕ್ಕರೆ ಅಚ್ಚಿನ ಮರದ ಮಣೇಲಿ ಹಿಟ್ಟು ಒತ್ತಿ ಮೀನು ನವಿಲು ಮಾಡಿದ್ಳು, ಬೇಯ್ಸಿದಾಗ ನವಿಲಿನ ಬಾಲ ಮುರೀತು, ಮೀನು ಉಳೀತು. ಮೊದ್ಲನೇ ಡಬ್ಬಿ ಚಿಕ್ಕಪ್ಪಂಗೆ ಕೊಟ್ಟು ಬಂದೆ, ಜಗಳ ಆದ್ಮೇಲೆ ಮೊದ್ಲ ಸಲ ಮಾತಾಡಿದ್ದು. ಮುರ್ದು ಬಾಯಿಗೆ ಹಾಕ್ಕೊಂಡು ಸುಮಾರು ಹೊತ್ತು ಅಗಿದ್ರು.

"ಸಂದಾಗದೆ ಕಣ್ಲಾ. ಒಂದ್ ಅಚ್ಚು ಬೆಲ್ಲ ಇಕ್ಕಿದ್ರೆ ಇನ್ನೂ ಸಂದಾಗಿರೋದು."