ರಾತ್ರಿಯ ಲೆಕ್ಕ

ಮಗಳು ಹುಟ್ಟಿ 11 ವಾರ ಆಯಿತು. ಮೊದಲ ಮೂರು ವಾರ ನನ್ನ ಫೋನಿನಲ್ಲಿ ಒಂದು ಪಟ್ಟಿ ಇತ್ತು, ಯಾವ ಹೊತ್ತಿಗೆ ಯಾವ ಕಡೆಯ ಎದೆಹಾಲು ಕುಡಿಸಿದೆ ಅಂತ. ರಾತ್ರಿ 10.40 ಎಡ. 12.05 ಬಲ. 1.20 ಎಡ. 1.55 ಮತ್ತೆ ಎಡ. 3.10 ಬಲ. 4.30. ಕೊನೆಯದರ ಮುಂದೆ ಯಾವ ಕಡೆ ಅಂತ ಬರೆದಿಲ್ಲ. ಬರೆಯುವ ಹೊತ್ತಿಗೆ ಕಣ್ಣು ಮುಚ್ಚಿಹೋಗಿತ್ತು.

ಬೆಳಗ್ಗೆ ಎದ್ದು ಅದನ್ನೇ ಓದುತ್ತಿದ್ದೆ. ನಡುನಡುವೆ ಎಷ್ಟು ನಿಮಿಷ ನಿದ್ದೆ ಸಿಕ್ಕಿತು ಅಂತ ಕೂಡಿಸುತ್ತಿದ್ದೆ. ಒಂದು ದಿನ ಕೂಡಿಸಿದರೆ ಮೂರು ಗಂಟೆ ಹತ್ತು ನಿಮಿಷ ಬಂತು. ಆ ಅಂಕಿ ನೋಡಿದ ಮೇಲೆ ಇಡೀ ದಿನ ಕೈಕಾಲು ಆಡಲಿಲ್ಲ. ಅದಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು. ಇಷ್ಟು ಸಲ ಏಳುತ್ತಾಳೆ ಅಂದರೆ ನನ್ನ ಹಾಲು ಸಾಲುತ್ತಿಲ್ಲ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಹಾಲು ಕುಡಿಸುವಾಗ ಅವಳ ಮುಖ ನೋಡುತ್ತಲೇ ಇರಲಿಲ್ಲ. ಗಡಿಯಾರ ನೋಡುತ್ತಿದ್ದೆ.

ಮೂರನೆಯ ವಾರದ ಕೊನೆಗೆ ತೂಕ ಹಾಕಿಸಲು ಹೋದಾಗ ನರ್ಸ್‌ಗೆ ಆ ಪಟ್ಟಿ ತೋರಿಸಿದೆ. ಅವರು ಅದನ್ನು ಪೂರ್ತಿ ಓದಲಿಲ್ಲ. "ದಿನಕ್ಕೆ ಎಷ್ಟು ಡಯಾಪರ್ ಒದ್ದೆ ಮಾಡ್ತಾಳೆ?" ಅಂತ ಕೇಳಿದರು. ಏಳು, ಒಮ್ಮೊಮ್ಮೆ ಎಂಟು ಅಂದೆ. ಹುಟ್ಟಿದಾಗ 3.1 ಕೆಜಿ ಇದ್ದಳು. ಮೊದಲ ನಾಲ್ಕು ದಿನದಲ್ಲಿ 2.88ಕ್ಕೆ ಇಳಿದಿದ್ದಳು. ಅವತ್ತು ತಕ್ಕಡಿ 3.44 ತೋರಿಸಿತು. "ಹಾಲು ಸಾಲದೆ ಇದ್ದಿದ್ರೆ ಮಗು ಹೀಗೆ ತೂಕ ಹಾಕ್ತಿತ್ತಾ? ಗಂಟೆ ಎಣಿಸೋದು ಬಿಡಿ, ಡಯಾಪರ್ ಎಣಿಸಿ" ಅಂದರು.

ಐದಾರು ದಿನ ತುಂಬಿದ ಮೇಲೆ 24 ಗಂಟೆಯಲ್ಲಿ ಆರು ಅಥವಾ ಅದಕ್ಕಿಂತ ಹೆಚ್ಚು ಡಯಾಪರ್ ಚೆನ್ನಾಗಿ ಒದ್ದೆ ಆಗಬೇಕು, ತೂಕ ಏರುತ್ತಿರಬೇಕು. ನೋಡಬೇಕಾದ ಲೆಕ್ಕ ಇಷ್ಟೇ. ಹಸುಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುವುದು ಮಾಮೂಲು. ಹೊಟ್ಟೆ ಪುಟ್ಟದು, ಎದೆಹಾಲು ಬೇಗ ಅರಗುತ್ತದೆ. ಹಗಲು ಯಾವುದು ರಾತ್ರಿ ಯಾವುದು ಅಂತ ಆ ದೇಹಕ್ಕೆ ಇನ್ನೂ ಗೊತ್ತಿರುವುದಿಲ್ಲ. ಅದು ಗೊತ್ತಾಗಲು ಎರಡು ಮೂರು ತಿಂಗಳಾದರೂ ಬೇಕು. ನನ್ನನ್ನು ನಿಜವಾಗಿ ಸಮಾಧಾನ ಮಾಡಿದ್ದು ಮಾತ್ರ ಬೇರೆ ವಿಷಯ. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ರಾತ್ರಿ ಹೊತ್ತು ಜಾಸ್ತಿ ಇರುತ್ತದಂತೆ. ಮಗು ಎಷ್ಟು ಚೀಪಿ ಖಾಲಿ ಮಾಡುತ್ತದೋ ಅಷ್ಟು ಹಾಲು ಮತ್ತೆ ಆಗುತ್ತದೆ. ಅಂದರೆ ಹಾಲು ಕಡಿಮೆ ಅಂತ ನಾನು ಅಳುತ್ತಿದ್ದ ಆ ಹೊತ್ತಿನಲ್ಲೇ ಅವಳು ಮುಂದಿನ ದಿನಗಳಿಗೆ ಬೇಕಾದ ಹಾಲಿಗೆ ದಾರಿ ಮಾಡಿಕೊಳ್ಳುತ್ತಿದ್ದಳು.

ಅವತ್ತು ಸಂಜೆ ಪಟ್ಟಿ ಅಳಿಸಿದೆ. ಮಲಗುವ ಕೋಣೆಯ ಗೋಡೆ ಗಡಿಯಾರ ಇಳಿಸಿದೆವು. ಫೋನು ಕೋಣೆಯ ಆ ತುದಿಯಲ್ಲಿ, ಮುಖ ಕೆಳಗೆ ಮಾಡಿ.

ನೋವಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಎರಡನೆಯ ವಾರದಲ್ಲಿ ನನ್ನ ಎರಡೂ ಮೊಲೆತೊಟ್ಟು ಒಡೆದಿದ್ದವು. ಅವಳು ಬಾಯಿ ಹಾಕಿದ ಕೂಡಲೇ ಕಾಲ್ಬೆರಳು ಮಡಚಿಕೊಳ್ಳುವಷ್ಟು ನೋವು. ಅವಳು ಕದಲಿದರೆ ಹಸಿವಿಗೆ ಅಂತ ಗೊತ್ತಾಗುತ್ತಿತ್ತು, ಎತ್ತಿಕೊಳ್ಳಲು ಭಯ ಆಗುತ್ತಿತ್ತು. ಬಾಣಂತಿಗೆ ಇದೆಲ್ಲ ಇದ್ದದ್ದೇ ಅಂತ ಸುಮ್ನೆ ಸಹಿಸಿದೆ. ಹಾಗೆ ಸಹಿಸಬಾರದಿತ್ತು. ಅವಳು ಬರೀ ತೊಟ್ಟನ್ನು ಕಚ್ಚಿ ಹಿಡಿಯುತ್ತಿದ್ದಳು, ಅದೇ ಕಾರಣ. ಮೊದಲು ಅವಳ ಮೂಗಿನ ನೇರಕ್ಕೆ ತೊಟ್ಟು ಬರಬೇಕು. ಆಕಳಿಸುವ ಹಾಗೆ ಬಾಯಿ ಅಗಲವಾಗಿ ತೆರೆಯುವವರೆಗೆ ಕಾಯಬೇಕು. ಆಮೇಲೆ ಗದ್ದ ಮೊದಲು ಎದೆಗೆ ತಾಗುವಂತೆ ಮಗುವನ್ನು ಹತ್ತಿರಕ್ಕೆ ತರಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ, ಅದರಲ್ಲೂ ಕೆಳಗಿನದು, ಬಾಯೊಳಗೆ ಹೋಗಬೇಕು. ಸರಿಯಾಗಿ ಹಿಡಿಯದಿದ್ದರೆ ಬಾಯಿಯ ಅಂಚಿನಲ್ಲಿ ಕಿರುಬೆರಳು ತೂರಿಸಿ ಬಿಡಿಸಿ ಮತ್ತೆ ಶುರು ಮಾಡುವುದು. ನಡುರಾತ್ರಿ ಮೂರು ಸಲ ಬಿಡಿಸಿ ಹಿಡಿಸಿದ್ದೂ ಉಂಟು. ನಾಲ್ಕೈದು ದಿನಕ್ಕೆ ಗಾಯ ಮಾಗತೊಡಗಿತು. ನೋವು ಹೋದ ಮೇಲೆ ರಾತ್ರಿಗಳು ಅರ್ಧ ಹಗುರಾದವು.

ಇನ್ನೊಂದು ಘಟನೆ ಇದೆ. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಅದೂ ಎರಡನೆಯ ವಾರವೇ. ಹಾಸಿಗೆಯಲ್ಲಿ ಕುಳಿತರೆ ನಿದ್ದೆ ಹತ್ತುತ್ತದೆ ಅಂತ ಎದ್ದು ಹೋಗಿ ಸೋಫಾದಲ್ಲಿ ಕುಳಿತು ಹಾಲು ಕುಡಿಸಿದೆ. ಅಲ್ಲೇ ನಿದ್ದೆ ಬಂದುಬಿಟ್ಟಿತು. ಎಚ್ಚರ ಆದಾಗ ಅವಳು ನನ್ನ ತೋಳಿಗೂ ಸೋಫಾದ ದಿಂಬಿಗೂ ನಡುವೆ ಜಾರಿದ್ದಳು. ಮುಖ ಪಕ್ಕಕ್ಕೆ ತಿರುಗಿತ್ತು, ಉಸಿರಾಡುತ್ತಿದ್ದಳು. ಅವಳನ್ನು ಎದೆಗೆ ಅವಚಿಕೊಂಡು ಬೆಳಗಾಗುವವರೆಗೆ ನಡುಗುತ್ತಾ ಕುಳಿತಿದ್ದೆ. ಸೋಫಾದಲ್ಲೋ ಆರಾಮ ಕುರ್ಚಿಯಲ್ಲೋ ಮಗುವಿನ ಜೊತೆ ನಿದ್ದೆ ಹೋಗುವುದು ತುಂಬಾ ಅಪಾಯ. ಮಗು ಸಂದಿಗೆ ಸಿಕ್ಕಿ ಉಸಿರುಗಟ್ಟಬಹುದು. ದಯವಿಟ್ಟು ಇದೊಂದನ್ನು ನೆನಪಿಟ್ಟುಕೊಳ್ಳಿ.

ಮರುದಿನ ನಾನೂ ನನ್ನ ಗಂಡನೂ ಕುಳಿತು ಮಾತಾಡಿದೆವು. ಅಲ್ಲಿಯವರೆಗೆ ಇಬ್ಬರೂ ಒಟ್ಟಿಗೆ ಏಳುತ್ತಿದ್ದೆವು, ಇಬ್ಬರೂ ಒಟ್ಟಿಗೆ ಸೋಲುತ್ತಿದ್ದೆವು. ಪಾಪುವಿನ ತೊಟ್ಟಿಲನ್ನು ನನ್ನ ಹಾಸಿಗೆಯ ಮಗ್ಗುಲಿಗೇ ತಂದೆವು. ಅದರಲ್ಲಿ ಗಟ್ಟಿಯಾದ ಸಮತಟ್ಟು ಹಾಸಿಗೆ ಮಾತ್ರ. ದಿಂಬು, ಹೊದಿಕೆ, ಗೊಂಬೆ ಏನೂ ಇಲ್ಲ. ಅವಳನ್ನು ಅಂಗಾತ ಮಲಗಿಸುತ್ತೇವೆ. ನನಗೆ ಕಣ್ಣು ಎಳೆಯುತ್ತಿದ್ದರೆ ನಾಚಿಕೆಯಿಲ್ಲದೆ ಗಂಡನನ್ನು ಎಬ್ಬಿಸುತ್ತೇನೆ. ಹಾಲು ಕುಡಿದು ಮುಗಿಯುವವರೆಗೆ ಪಕ್ಕದಲ್ಲಿ ಎಚ್ಚರ ಇರುವುದು, ಆಮೇಲೆ ಅವಳನ್ನು ತೊಟ್ಟಿಲಿಗೆ ಹಾಕುವುದು ಅವನ ಕೆಲಸ.

ಎಲ್ಲಕ್ಕಿಂತ ಉಪಕಾರ ಆಗಿದ್ದು ಬೆಳಗಿನ ಜಾವದ ಒಪ್ಪಂದ. ಐದರ ಹೊತ್ತಿಗೆ ಅವಳು ಕುಡಿದು ಮುಗಿಸಿದ ಕೂಡಲೇ ಅವನು ಎತ್ತಿಕೊಂಡು ಬೇರೆ ಕೋಣೆಗೆ ಹೋಗುತ್ತಾನೆ. ತೇಗಿಸುತ್ತಾನೆ, ಡಯಾಪರ್ ಬದಲಿಸುತ್ತಾನೆ, ಎದ್ದಿದ್ದರೆ ಆಡಿಸುತ್ತಾನೆ. ಅವಳಿಗೆ ಮತ್ತೆ ಹಸಿವಾಗುವವರೆಗೆ ಬಾಗಿಲು ತೆರೆಯುವುದಿಲ್ಲ. ನನಗೆ ಸಿಗುವುದು ಎರಡು ಗಂಟೆ. ಆದರೆ ಕಿವಿಗೆ ಕೆಲಸ ಇಲ್ಲದ ಎರಡು ಗಂಟೆ. ಪಕ್ಕದಲ್ಲಿ ಮಗು ಇದ್ದಾಗಿನ ನಾಲ್ಕು ಗಂಟೆಗಿಂತ ಅದು ಹೆಚ್ಚು. ಎದೆಹಾಲು ಅಮ್ಮನದ್ದು ಮಾತ್ರ ಇರಬಹುದು, ಉಳಿದದ್ದೆಲ್ಲ ಯಾರು ಬೇಕಾದರೂ ಮಾಡಬಹುದಲ್ವಾ? ಗಂಡನೇ ಆಗಬೇಕೆಂದಿಲ್ಲ. ಅಮ್ಮ, ಅಕ್ಕ, ಗೆಳತಿ, ಯಾರಾದರೂ ಸರಿ. ಬಾಯಿಬಿಟ್ಟು ಕೇಳಬೇಕು, ಅಷ್ಟೇ.

ಸಣ್ಣ ಸಣ್ಣ ಬದಲಾವಣೆಗಳೂ ನಿಧಾನವಾಗಿ ಕೂಡಿಕೊಂಡವು. ಅಳು ಬರುವ ಮೊದಲೇ ಹಸಿವು ತಿಳಿಯುತ್ತದೆ. ತಲೆ ಆ ಕಡೆ ಈ ಕಡೆ ಹೊರಳಿಸುತ್ತಾಳೆ, ಕೈ ಬಾಯಿಗೆ ಒಯ್ಯುತ್ತಾಳೆ, ತುಟಿ ಚಪ್ಪರಿಸುತ್ತಾಳೆ. ಆಗಲೇ ಎತ್ತಿಕೊಂಡರೆ ಅರೆನಿದ್ದೆಯಲ್ಲೇ ಕುಡಿಯುತ್ತಾಳೆ. ಅಳು ಜೋರಾದ ಮೇಲೆ ಅವಳನ್ನು ಸಮಾಧಾನ ಮಾಡುವುದಕ್ಕೇ ಹತ್ತು ನಿಮಿಷ ಬೇಕು. ಡಯಾಪರ್ ಬದಲಿಸುವುದಿದ್ದರೆ ಒಂದು ಕಡೆ ಕುಡಿದು ಇನ್ನೊಂದು ಕಡೆಗೆ ಹಾಕುವ ನಡುವೆ ಮಾಡುತ್ತೇನೆ. ಪೂರ್ತಿ ಕುಡಿದು ಮಲಗಿದ ಮೇಲೆ ಬದಲಿಸಿದರೆ ಕಣ್ಣು ಬಿಟ್ಟು ನಗುತ್ತಾಳೆ. ನೆಲದ ಹತ್ತಿರ ಒಂದು ಮಂದ ದೀಪ ಸಾಕು. ರಾತ್ರಿ ಮಾತೂ ಕಡಿಮೆ. ಕೈಗೆಟುಕುವಲ್ಲಿ ದೊಡ್ಡ ಬಾಟಲಿ ನೀರು ಇಟ್ಟುಕೊಳ್ಳುತ್ತೇನೆ, ಹಾಲು ಇಳಿಯುವ ಕ್ಷಣಕ್ಕೆ ಸರಿಯಾಗಿ ಗಂಟಲು ಒಣಗುತ್ತದೆ.

ಸಂಜೆ ಆರರಿಂದ ಒಂಬತ್ತರವರೆಗೆ ಇಪ್ಪತ್ತು ನಿಮಿಷಕ್ಕೊಮ್ಮೆ ಕೇಳುವ ಮಕ್ಕಳು ಬಹಳ ಇವೆ. ಕ್ಲಸ್ಟರ್ ಫೀಡಿಂಗ್ ಅನ್ನುತ್ತಾರೆ. ನಮ್ಮವಳೂ ಹಾಗೇ. ಆರನೆಯ ವಾರದಲ್ಲಿ ಮೂರು ದಿನ ರಾತ್ರಿಯೂ ಹೀಗೇ ನಡೆಯಿತು. ಹಳೆಯ ಭಯ ಮತ್ತೆ ಬಂತು. ಡಯಾಪರ್ ಎಣಿಸಿದೆ. ಎಂಟು. ನಾಲ್ಕನೆಯ ದಿನ ತಾನಾಗಿ ಸರಿಹೋಯಿತು.

ಎರಡು ಮೂರು ವಿಷಯಕ್ಕೆ ಮಾತ್ರ ಕಾಯಬೇಡಿ. ಹುಟ್ಟಿದಾಗಿನ ತೂಕ ಮತ್ತೆ ಬರುವವರೆಗೆ ಮಗು ತುಂಬಾ ಹೊತ್ತು ಮಲಗಿದರೆ ನಾವೇ ಎಬ್ಬಿಸಿ ಕುಡಿಸಬೇಕು. ನಾವು ಮೂರು ಗಂಟೆಗೊಮ್ಮೆ ಎಬ್ಬಿಸುತ್ತಿದ್ದೆವು. ಒದ್ದೆ ಡಯಾಪರ್ ಕಡಿಮೆಯಾದರೆ, ಮಗು ಮಂಕಾಗಿ ಕುಡಿಯಲು ಏಳದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ನಿಮಗೆ ಜ್ವರ ಬಂದು ಎದೆಯ ಒಂದು ಭಾಗ ಕೆಂಪಾಗಿ ಗಟ್ಟಿಯಾದರೂ ಅಷ್ಟೇ. ಮಗು ಮಲಗಿದಾಗಲೂ ನಿಮಗೆ ನಿದ್ದೆ ಬರದಿದ್ದರೆ, ಎರಡು ವಾರ ಕಳೆದರೂ ಮನಸ್ಸಿನ ಕತ್ತಲು ಇಳಿಯದಿದ್ದರೆ, ಅದು ಬರೀ ಸುಸ್ತಲ್ಲ. ಬಾಣಂತನದ ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ನಿಮಗೆ ನೀವೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಅದೇ ಗಳಿಗೆಯಲ್ಲಿ ಪಕ್ಕದಲ್ಲಿರುವವರನ್ನು ಎಬ್ಬಿಸಿ ಹೇಳಿ.

ನಿನ್ನೆ ರಾತ್ರಿ ಎಷ್ಟು ಸಲ ಎದ್ದೆ ಅಂತ ನನಗೆ ಗೊತ್ತಿಲ್ಲ. ನೆನಪಿರುವುದು ಒಂದು ಸಲದ್ದು. ಎತ್ತಿಕೊಂಡಾಗ ಅವಳ ಎರಡೂ ಕೈ ಮುಷ್ಟಿಯಾಗಿದ್ದವು. ಹಸಿವಾದಾಗ ಹಾಗೇ ಇರುತ್ತವೆ. ಬಾಯಿ ಹಾಕಿದಳು. ಮೊದಲು ಬೇಗ ಬೇಗ ಚೀಪಿದಳು, ಹಾಲು ಇಳಿದ ಮೇಲೆ ನಿಧಾನವಾಗಿ ಗುಟುಕು ಗುಟುಕಾಗಿ ನುಂಗತೊಡಗಿದಳು. ಮಂದ ದೀಪದಲ್ಲಿ ನಾನು ಅವಳ ಬಲಗೈ ನೋಡುತ್ತಿದ್ದೆ. ಹೆಬ್ಬೆರಳು ಹೊರಗೆ ಬಂತು. ಆಮೇಲೆ ಒಂದೊಂದೇ ಬೆರಳು ಸಡಿಲವಾಯಿತು. ಕೊನೆಗೆ ಅಂಗೈ ಪೂರ್ತಿ ತೆರೆದುಕೊಂಡು ನನ್ನ ಎದೆಯ ಮೇಲೆ ಚಪ್ಪಟೆಯಾಗಿ ಕುಳಿತಿತು.