ಹಿಮ್ಮುಖ ಮಾರಿಯೋ

ಇವತ್ತು ನಿಂಟೆಂಡೊ ಸ್ವಿಚ್ ಎಂಬ ಗೇಮ್ ಯಂತ್ರದಲ್ಲಿ 1985ರ ಸೂಪರ್ ಮಾರಿಯೋ ಬ್ರದರ್ಸ್ ಆಡುತ್ತಿದ್ದೆ. ಮಾರಿಯೋ ಗುಂಡಿಗೆ ಬಿದ್ದ.

"ಝಡ್ಎಲ್, ಝಡ್ಆರ್ ಬಟನ್ ಎರಡನ್ನೂ ಒತ್ತಿ ಹಿಡಿ ಮಾಮ," ಎಂದಳು ಅಕ್ಕನ ಮಗಳು.

ಒತ್ತಿದೆ. ಸತ್ತವನು ಹಿಮ್ಮುಖವಾಗಿ ಮೇಲಕ್ಕೆ ಚಿಮ್ಮಿ ಬಂದು ಗುಂಡಿಯ ಅಂಚಿನಲ್ಲಿ ನಿಂತ. ಏನೂ ಆಗಿಲ್ಲವೆಂಬಂತೆ!

ನಮ್ಮ ಕಾಲದ ಟಿವಿ ಗೇಮ್ ಕ್ಯಾಸೆಟ್ಟಿನಲ್ಲಿ ಇಂಥ ದಯೆ ಎಲ್ಲಿತ್ತು? ಜೀವಗಳು ಮುಗಿದರೆ ಮತ್ತೆ ಮೊದಲಿನಿಂದ.

ಇದು ಮೋಸ ಎನ್ನುವವರು ಎನ್ನಲಿ. ಸಾಯುವ ಭಯ ಹೋದ ಮೇಲೆಯೇ ನಾನು ಹಿನ್ನೆಲೆಯನ್ನು ನೋಡಿದ್ದು. ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಇಡೀ ಆಟವನ್ನು 40 ಕಿಲೋಬೈಟಿನಲ್ಲಿ ಹಿಡಿಸಿದವರ ಜಿಪುಣತನ ಎಷ್ಟು ಚೆಂದ!

ಆಟದ ಖಳನಾಯಕ ಬೌಸರ್‌ನನ್ನು ಮಾತ್ರ ಆ ಎರಡು ಬಟನ್‌ಗಳನ್ನು ಮುಟ್ಟದೆಯೇ ಸೋಲಿಸುತ್ತೇನೆ ಎಂದಿದ್ದೇನೆ. ಹುಡುಗಿ ನಂಬುತ್ತಿಲ್ಲ.