ಗೇರ್‌ಬಾಕ್ಸ್ ಬದಲಿಸುವ ಬದಲು ಬಿಚ್ಚಿದ್ದು: ಇಲ್ಲಿಯವರೆಗಿನ ಕೆಲಸ

ಗಾಡಿ: ಐದು ಗೇರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಫ್ರಂಟ್ ವ್ಹೀಲ್ ಡ್ರೈವ್. ಓಡಿದ್ದು 1,30,000 ಕಿ.ಮೀ. ದಾಟಿದೆ. ಕಲಬುರಗಿ–ಜೇವರ್ಗಿ ಹೆದ್ದಾರಿ, ಮಳೆಗಾಲಕ್ಕೆ ಹೊಲದ ಎರೆಮಣ್ಣಿನ ದಾರಿ.

ಪತ್ತೆ

ಈ ಗಾಡಿಯಲ್ಲಿ ನ್ಯೂಟ್ರಲ್‌ನಲ್ಲಿ ಇಂಜಿನ್ ಓಡುವಾಗ ಗರಗರ ಸದ್ದು, ಕ್ಲಚ್ ಒತ್ತಿದರೆ ಬಂದ್. ಹೀಗಿದ್ದರೆ ಇನ್‌ಪುಟ್ ಶಾಫ್ಟ್ (ಇಂಜಿನ್ ಶಕ್ತಿಯನ್ನು ಬಾಕ್ಸಿನೊಳಗೆ ತರುವ ಶಾಫ್ಟ್) ಬೇರಿಂಗ್ ಹೋಗಿದೆ ಅಂತ. ಒತ್ತಿದಾಗ ಮಾತ್ರ ಸದ್ದು ಬಂದರೆ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್). ಗಾಡಿ ನಿಂತಾಗ ಯಾವ ಗೇರೂ ಸಲೀಸಾಗಿ ಬೀಳದಿದ್ದರೆ ಮೊದಲು ಕ್ಲಚ್ ಕೇಬಲ್ ನೋಡಬೇಕು. ಇಲ್ಲಿ ಗರಗರ ಸದ್ದಿನ ಜೊತೆಗೆ, ಮೂರರಿಂದ ಎರಡಕ್ಕೆ ಇಳಿಸುವಾಗ ಮಾತ್ರ ಕರ್ ಅನ್ನುತ್ತಿತ್ತು, ಅಂದರೆ ಎರಡನೇ ಗೇರಿನ ಸಿಂಕ್ರೊ ರಿಂಗ್ (ಗೇರು ಬೀಳುವ ಮುನ್ನ ವೇಗ ಸಮ ಮಾಡುವ ಹಿತ್ತಾಳೆ ಬಳೆ) ಸವೆದಿದೆ.

ಬಿಚ್ಚಿದ್ದು

ಆಯಿಲ್ ಇಳಿಸುವ ಮೊದಲು ಫಿಲ್ಲರ್ ಪ್ಲಗ್ ಬಿಚ್ಚಿಕೊಳ್ಳಬೇಕು. ಅದು ಜಾಮ್ ಆಗಿದ್ದರೆ ಖಾಲಿ ಬಾಕ್ಸ್ ಇಟ್ಟುಕೊಂಡು ಕೂರಬೇಕಾಗುತ್ತದೆ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ಲೇಪ ಹತ್ತಿದ್ದರೆ ಸಹಜ, ಚೂರು ಕಂಡರೆ ಬಾಕ್ಸ್ ಇಳಿಸಲೇಬೇಕು. ಇದರಲ್ಲಿ ಚೂರುಗಳಿದ್ದವು. ಆಯಿಲ್ ಕೂಡ ಅರ್ಧಕ್ಕಿಂತ ಕಡಿಮೆ.

ಆಯಿಲ್ ಎಲ್ಲಿ ಹೋಯಿತು ಅನ್ನುವುದೇ ಈ ಕೆಲಸದ ತಿರುಳು. ಬಾಕ್ಸಿನ ಮೇಲಿನ ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ಸಣ್ಣ ತೂತು) ಎರೆಮಣ್ಣಿನಿಂದ ಕಟ್ಟಿಕೊಂಡಿತ್ತು. ನಮ್ಮ ಮಣ್ಣು ಹಸಿ ಇದ್ದಾಗ ಅಂಟುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಬಿಸಿಗೆ ಒಳಗಿನ ಗಾಳಿ ಹಿಗ್ಗಿ, ದಾರಿ ಸಿಗದೆ, ಡ್ರೈವ್‌ಶಾಫ್ಟ್ (ಬಾಕ್ಸಿನಿಂದ ಗಾಲಿಗೆ ಶಕ್ತಿ ಒಯ್ಯುವ ಶಾಫ್ಟ್) ಸೀಲಿನ ಅಂಚಿನಿಂದ ಆಯಿಲ್ ತಳ್ಳುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿದು, ಒತ್ತಡ ಇನ್ನೂ ಹೆಚ್ಚು. ಮಟ್ಟ ಇಳಿದಾಗ ಮೇಲಿನ ಬೇರಿಂಗ್, ತುದಿಯ ಐದನೇ ಗೇರು ಮೊದಲು ಒಣಗುತ್ತವೆ. ಬ್ರೀದರ್ ನೋಡದೆ ಹೊಸ ಬಾಕ್ಸ್ ಕೂರಿಸಿದರೆ ಅದೂ ಇದೇ ಗತಿ ಕಾಣುತ್ತದೆ.

ಸೆಕೆಂಡ್ ಹ್ಯಾಂಡ್ ಬಾಕ್ಸಿನ ವಿಚಾರವೂ ಬಂತು. ಒಂದೇ ಮಾಡೆಲ್ಲಿನಲ್ಲೂ ಪೆಟ್ರೋಲ್, ಡೀಸೆಲ್ ಬಾಕ್ಸುಗಳ ಹಲ್ಲಿನ ಲೆಕ್ಕ ಬೇರೆ ಇರಬಹುದು. ಒಳಗಿನ ಸವೆತ ಹೊರಗೆ ಕಾಣುವುದಿಲ್ಲ. ಹಲ್ಲು ಮುರಿದಿಲ್ಲ, ಕೇಸ್ ಬಿರುಕಿಲ್ಲ ಅಂದಮೇಲೆ ರಿಪೇರಿಯೇ ಸರಿ.

ಬದಲಿಸಿದ್ದು

ಇನ್‌ಪುಟ್ ಶಾಫ್ಟಿನ ಎರಡೂ ಬೇರಿಂಗ್, ಎರಡನೇ ಗೇರಿನ ಸಿಂಕ್ರೊ ರಿಂಗ್, ಎಲ್ಲ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್. ಬಾಕ್ಸ್ ಇಳಿದಾಗಲೇ ಕ್ರ್ಯಾಂಕಿನ (ಇಂಜಿನ್ನಿನ ಮುಖ್ಯ ಶಾಫ್ಟಿನ) ಹಿಂದಿನ ಸೀಲೂ ಹಾಕಿದ್ದಾಯಿತು, ಮತ್ತೆ ಅಲ್ಲಿಗೆ ಕೈ ಹಾಕುವ ಅವಕಾಶ ಸಿಗುವುದಿಲ್ಲ.

ಸಿಂಕ್ರೊ ರಿಂಗ್ ಅಳೆಯುವುದು ಹೀಗೆ: ಗೇರಿನ ಕೋನ್ (ರಿಂಗ್ ಕೂರುವ ಓರೆ ಭಾಗ) ಮೇಲೆ ಒತ್ತಿ ಹಿಡಿದು ರಿಂಗ್, ಗೇರಿನ ನಡುವಿನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಬೇಕು. ಇಂಥ ಬಾಕ್ಸುಗಳಲ್ಲಿ ಹೊಸದಕ್ಕೆ 1 ಮಿ.ಮೀ. ಆಸುಪಾಸು, ಅರ್ಧಕ್ಕಿಳಿದರೆ ಬದಲಿಸಬೇಕು. ಹಳೆಯದು ಅದಕ್ಕೂ ಕೆಳಗಿತ್ತು.

ಶಾಫ್ಟಿಗೆ ಬೇರಿಂಗ್ ಕೂರಿಸುವಾಗ ಪ್ರೆಸ್ಸಿನ ಒತ್ತಡ ಒಳ ರೇಸಿನ (ಬೇರಿಂಗಿನ ಒಳಬಳೆಯ) ಮೇಲೆ ಮಾತ್ರ ಬೀಳಬೇಕು. ಕೇಸಿನ ಸೀಲಂಟ್ ಎಳೆ ತೆಳುವಾಗಿರಲಿ. ದಪ್ಪ ಹಚ್ಚಿದರೆ ಒಳಗೆ ಉದುರಿ ಆಯಿಲ್ ದಾರಿ ಮುಚ್ಚುತ್ತದೆ. ಬಾಕ್ಸ್ ಏರಿಸುವಾಗ ಅದರ ಭಾರ ಕ್ಲಚ್ ಪ್ಲೇಟಿನ ಮೇಲೆ ನೇತಾಡಿದರೆ ಹಬ್ ಬಾಗುತ್ತದೆ, ಜ್ಯಾಕ್ ಕೊಟ್ಟೇ ಇರಬೇಕು.

ಈಗಿನ ಸ್ಥಿತಿ

ಆಯಿಲ್ 75ಡಬ್ಲ್ಯೂ-80 (ಇದು ದಪ್ಪದ ಗುರುತು), ಜಿಎಲ್-4 (ಇದು ಗೇರ್ ಆಯಿಲಿನ ದರ್ಜೆ). ಜಿಎಲ್-5 ಒಳ್ಳೆಯದೆಂದು ಅಂಗಡಿಯವರು ಕೊಟ್ಟರೂ ಬೇಡ. ಅದರ ಗಂಧಕದ ರಾಸಾಯನಿಕ ಹಿತ್ತಾಳೆ ರಿಂಗನ್ನು ತಿನ್ನಬಹುದು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಲೆವೆಲ್ ತೂತಿನಿಂದ ಹನಿಯುವವರೆಗೆ ತುಂಬಿದೆ. ಸದ್ದು ನಿಂತಿದೆ, ಎರಡನೇ ಗೇರು ಸಲೀಸು. 1,000 ಕಿ.ಮೀ.ಗೆ ಈ ಆಯಿಲ್ ಇಳಿಸಿ ಅಯಸ್ಕಾಂತ ನೋಡಬೇಕು. ಎಡಗಡೆ ಡ್ರೈವ್‌ಶಾಫ್ಟ್ ಬೂಟಿನ (ರಬ್ಬರ್ ಹೊದಿಕೆಯ) ಕ್ಲಿಪ್ ಸಡಿಲ ಇದೆ, ಅದು ಬಾಕಿ.